ಟೆಂಟ್ ಕ್ಯಾಂಪಿನಲ್ಲಿ ಗುರುತಿನ ಚೀಟಿ: ಪುಸ್ತಕ, ವಾಟ್ಸಾಪ್, ಕ್ಯೂಆರ್ ಫಾರ್ಮ್, ಯಾವುದು ವಾಸಿ?

ಗೋಕರ್ಣದ ಕುಡ್ಲೆ ಬೀಚಿನ ಮೇಲಿನ ಗುಡ್ಡದಲ್ಲಿ ಟೆಂಟ್ ಹಿಡಿದು ಮಲಗೋದು ಬೆಂಗಳೂರಿನವರಿಗೆ ಮಾತ್ರ ಇದ್ದ ಹುಚ್ಚು. ಈಗ ನಮ್ಮ ಶಿರಸಿಯವರಿಗೂ ಹಿಡಿದಿದೆ. ವಾಪಸ್ ಬಂದ ಮೇಲೆ ಟೆಂಟ್ ಹೇಗಿತ್ತು, ಬಾತ್‌ರೂಮ್ ಎಷ್ಟು ದೂರ, ಊಟಕ್ಕೆ ಎಂತ ಕೊಟ್ಟರು ಅಂತೆಲ್ಲ ಹೋಲಿಸುತ್ತೇವೆ. ಒಳಗೆ ಬಿಡುವ ಮುಂಚೆ ಇಸಿದುಕೊಂಡ ಆಧಾರ್ ಕಾರ್ಡಿನ ಫೋಟೋ ಎಲ್ಲಿ ಹೋಯಿತು ಅಂತ ಮಾತ್ರ ಯಾರೂ ಕೇಳುವುದಿಲ್ಲ.

ಗೋಕರ್ಣ, ಹೊನ್ನಾವರದ ಕಾಸರಕೋಡು, ಕಾರವಾರದ ಕಡೆ, ಮತ್ತೆ ಯಾಣದ ದಾರಿಯ ಹೋಂಸ್ಟೇಗಳು. ಒಂದೊಂದು ಕಡೆ ಒಂದೊಂದು ಪದ್ಧತಿ. ನಾನು ಅಳೆಯುವುದು ಒಂದೇ ಲೆಕ್ಕದಲ್ಲಿ: ನಾನು ಚೆಕ್‌ಔಟ್ ಮಾಡಿ ಮನೆಗೆ ಬಂದ ಮೇಲೆ ನನ್ನ ಕಾರ್ಡಿನ ಪ್ರತಿ ಎಷ್ಟು ಕಡೆ ಉಳಿದಿರುತ್ತದೆ?

ಮೊದಲು ಒಂದು ಮಾತು. ಹೆಸರು, ವಿಳಾಸ, ಫೋನು, ಗಾಡಿ ನಂಬರ್ ಕೇಳುವುದಕ್ಕೆ ನನ್ನ ತಕರಾರಿಲ್ಲ. ಬಂದು ಉಳಿದವರ ದಾಖಲೆ ಇಡಿ ಅಂತ ಪೊಲೀಸರು ಹೇಳುತ್ತಾರೆ, ಪರಿಶೀಲನೆಗೆ ಬಂದಾಗ ತೋರಿಸಬೇಕು. ಸಮುದ್ರದಲ್ಲಿ ಯಾರಾದರೂ ಕೊಚ್ಚಿಹೋದರೆ ಮನೆಗೆ ಫೋನ್ ಮಾಡಲಿಕ್ಕೂ ಅದೇ ಪುಸ್ತಕ ಬೇಕು. ಕಾರವಾರದ ಕಡೆ ಇನ್ನೂ ಸ್ವಲ್ಪ ಬಿಗಿ. ಐಎನ್‌ಎಸ್ ಕದಂಬ ನೌಕಾನೆಲೆ ಪಕ್ಕದಲ್ಲೇ ಇರುವಾಗ ಅದು ಸಹಜವೇ. ವಿದೇಶದ ಸ್ನೇಹಿತರು ಜೊತೆಗಿದ್ದರೆ ಅವರದ್ದು ಬೇರೆಯೇ ಕಥೆ. ಅವರ ಪಾಸ್‌ಪೋರ್ಟ್, ವೀಸಾ ವಿವರವನ್ನು 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಸರ್ಕಾರಕ್ಕೆ ಕಳಿಸಬೇಕು. ಆ ರಗಳೆ ಬೇಡ ಅಂತ ಕೆಲವು ಸಣ್ಣ ಕ್ಯಾಂಪಿನವರು ವಿದೇಶಿಯರನ್ನೇ ಸೇರಿಸಿಕೊಳ್ಳುವುದಿಲ್ಲ.

ನನ್ನ ತಕರಾರು ಪ್ರತಿ ಇಟ್ಟುಕೊಳ್ಳುವುದರ ಬಗ್ಗೆ. ಅದರಲ್ಲೂ ‘ಆಧಾರೇ ಬೇಕು’ ಅನ್ನುವುದರ ಬಗ್ಗೆ. 2018ರ ಸೆಪ್ಟೆಂಬರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಖಾಸಗಿ ಕಂಪನಿಗಳಿಗೆ ಆಧಾರ್ ಬಳಸಲು ದಾರಿ ಮಾಡಿಕೊಟ್ಟಿದ್ದ ಆಧಾರ್ ಕಾಯ್ದೆಯ 57ನೇ ಕಲಮಿನ ಭಾಗವನ್ನು ತೆಗೆದುಹಾಕಿತು. ಡ್ರೈವಿಂಗ್ ಲೈಸೆನ್ಸ್, ವೋಟರ್ ಐಡಿ, ಪಾಸ್‌ಪೋರ್ಟ್ ಎಲ್ಲವೂ ಗುರುತಿನ ಚೀಟಿಗಳೇ ಅಲ್ವಾ?

ಸರಿ, ಈಗ ಪುಸ್ತಕ. ಉದ್ದನೆಯ ರಿಜಿಸ್ಟರ್, ಗೆರೆ ಹಾಕಿದ ಕಾಲಮ್, ದಾರ ಕಟ್ಟಿದ ಪೆನ್ನು. ಯಾಣದ ದಾರಿಯ ಹೋಂಸ್ಟೇಯಲ್ಲಿ ಆಸರಿಗೆ ಬೆಲ್ಲ, ನೀರು ಕೊಟ್ಟು, ಕೂತು ಮಾತಾಡಿ, ಆಮೇಲೆ ಪುಸ್ತಕ ತಂದರು. ಕಾರ್ಡು ನೋಡಿದರು, ನಂಬರ್ ಬರೆದುಕೊಂಡರು, ಕೈಗೆ ವಾಪಸ್ ಕೊಟ್ಟರು. ಜೆರಾಕ್ಸ್ ಇಲ್ಲ, ಫೋಟೋ ಇಲ್ಲ. ನನ್ನ ಲೆಕ್ಕದಲ್ಲಿ ಇದಕ್ಕೇ ಜಾಸ್ತಿ ಅಂಕ. ಆ ಪುಸ್ತಕವನ್ನು ಯಾರೂ ಒಂದು ಬೆರಳಿನಲ್ಲಿ ಫಾರ್ವರ್ಡ್ ಮಾಡಲಾರರು. ಅದು ಸೋರಬೇಕಾದರೆ ಯಾರಾದರೂ ಅದನ್ನು ಎತ್ತಿಕೊಂಡೇ ಹೋಗಬೇಕು.

ಹಾಗಂತ ಪುಸ್ತಕ ಪೂರ್ತಿ ಒಳ್ಳೆಯದು ಅಂತ ಹೇಳಲಾರೆ, ಹೆಂಗಸರಂತೂ ಹೇಳಲಾರರು. ಬೀಚ್ ಕ್ಯಾಂಪಿನಲ್ಲಿ ಅದು ಮದುವೆ ಮನೆಯ ಮುಯ್ಯಿ ಪಟ್ಟಿಯ ಹಾಗೆ ಮೇಜಿನ ಮೇಲೆ ಬಿದ್ದಿರುತ್ತದೆ. ನನ್ನ ಹಿಂದೆ ನಿಂತವನು ಪೆನ್ನು ಹಿಡಿದಾಗ ಮೇಲಿನ ಸಾಲಿನಲ್ಲಿ ನನ್ನ ಹೆಸರು, ವಯಸ್ಸು, ಊರು, ಮೊಬೈಲ್ ನಂಬರ್, ಯಾವ ಟೆಂಟ್ ಅನ್ನುವುದೂ ಸೇರಿ ಎಲ್ಲ ಕಾಣುತ್ತದೆ. ಗೋಕರ್ಣದ ಒಂದು ಕ್ಯಾಂಪಿನಲ್ಲಿ ಹೀಗೇ ಬರೆದು ಬಂದ ರಾತ್ರಿ ನನ್ನ ಗೆಳತಿಗೆ ಗುರುತಿಲ್ಲದ ನಂಬರಿಂದ ‘ಹಾಯ್, ಟೆಂಟ್ ಚೆನ್ನಾಗಿದ್ಯಾ?’ ಅಂತ ಮೆಸೇಜ್ ಬಂತು. ಮ್ಯಾನೇಜರ್‌ಗೆ ಹೇಳಿದರೆ ‘ಬ್ಲಾಕ್ ಮಾಡಿ ಮೇಡಂ’ ಅಂದರು. ಅಷ್ಟೇ. ಅಲ್ಲಿಂದ ಮುಂದೆ ನಾವು ಪುಸ್ತಕಕ್ಕೆ ಫೋನ್ ನಂಬರ್ ಬರೆಯುವುದಿಲ್ಲ. ಬುಕಿಂಗ್ ಮಾಡಿದಾಗಲೇ ನಂಬರ್ ನಿಮ್ಮ ಹತ್ತಿರ ಇದೆಯಲ್ಲ ಅನ್ನುತ್ತೇವೆ. ಒಪ್ಪುತ್ತಾರೆ. ಟೆಂಟ್ ನಂಬರಿನ ಕಾಲಮನ್ನು ಸುಮ್ನೆ ಖಾಲಿ ಬಿಡುತ್ತೇವೆ.

ಎರಡನೆಯದು ವಾಟ್ಸಾಪ್. ‘ಯುಪಿಐ ಮಾಡಿ ಸ್ಕ್ರೀನ್‌ಶಾಟ್ ಹಾಕಿ, ಎಲ್ಲರ ಆಧಾರ್ ಎರಡೂ ಬದಿ ಹಾಕಿ.’ ಕರಾವಳಿಯ ಸಣ್ಣ ಕ್ಯಾಂಪುಗಳಲ್ಲಿ ಇದೇ ಜಾಸ್ತಿ, ನನ್ನ ಪ್ರಕಾರ ಇದೇ ಕೆಟ್ಟದ್ದು. ಕಳಿಸಿದ ಫೋಟೋ ಹೋಗುವುದು ಆಫೀಸಿಗಲ್ಲ, ಒಬ್ಬ ಹುಡುಗನ ಸ್ವಂತ ಫೋನಿಗೆ. ಅಲ್ಲಿ ಗ್ಯಾಲರಿಯಲ್ಲಿ ಕೂರುತ್ತದೆ. ಬ್ಯಾಕಪ್ ಆನ್ ಇದ್ದರೆ ಅವನ ಗೂಗಲ್ ಖಾತೆಗೂ ಏರುತ್ತದೆ. ಅವನು ಮಾಲೀಕನಿಗೆ ಕಳಿಸುತ್ತಾನೆ, ಮಾಲೀಕ ಟೆಂಟ್ ನೋಡಿಕೊಳ್ಳುವವನಿಗೆ ಕಳಿಸುತ್ತಾನೆ. ಸೀಸನ್ ಮುಗಿದು ಮಳೆಗಾಲಕ್ಕೆ ಕ್ಯಾಂಪ್ ಮುಚ್ಚಿದಾಗ ಆ ಹುಡುಗ ಬೇರೆ ಕೆಲಸಕ್ಕೆ ಹೋಗುತ್ತಾನೆ. ಫೋನ್ ಅವನ ಜೊತೆಗೇ ಹೋಗುತ್ತದೆ, ನನ್ನ ಆಧಾರ್ ಕೂಡ. ಹುಡುಗ ಒಳ್ಳೆಯವನೇ ಇರಬಹುದು. ಆ ಫೋನನ್ನು ಆಮೇಲೆ ಯಾರಿಗೆ ಮಾರಿದ ಅನ್ನುವುದು ಯಾರಿಗೆ ಗೊತ್ತು?

‘ಎಲ್ಲರಿಗೂ ಅಳಿಸು’ ಒತ್ತಿದರೆ ಆಯ್ತಲ್ಲ ಅನ್ನುವವರಿದ್ದಾರೆ. ಅದು ಎರಡೂವರೆ ದಿನದೊಳಗೆ ಮಾಡಿದರೆ ಮಾತ್ರ ನಡೆಯುತ್ತದೆ. ಅಷ್ಟರಲ್ಲಿ ಗ್ಯಾಲರಿಗೆ ಸೇವ್ ಆಗಿದ್ದರೆ, ಫಾರ್ವರ್ಡ್ ಆಗಿದ್ದರೆ, ಆ ಪ್ರತಿಗಳು ಹಾಗೇ ಇರುತ್ತವೆ. ಒಂದೇ ಸಲ ತೆರೆಯುವ ಫೋಟೋ ಕಳಿಸಿಯೂ ನೋಡಿದೆ. ಸೇವ್ ಆಗುವುದಿಲ್ಲ, ಫಾರ್ವರ್ಡ್ ಆಗುವುದಿಲ್ಲ, ಸ್ಕ್ರೀನ್‌ಶಾಟಿಗೂ ತಡೆ ಇದೆ. ಆದರೆ ಆಚೆಯಿಂದ ಉತ್ತರ: ‘ಮೇಡಂ ಒಂದ್ಸಲ ಓಪನ್ ಆಗಿ ಹೋಯ್ತು, ಮತ್ತೆ ಕಳ್ಸಿ, ಪ್ರಿಂಟ್ ತೆಗೀಬೇಕು.’ ಇನ್ನೊಂದು ಫೋನಿನಿಂದ ಫೋಟೋ ಹೊಡೆದುಕೊಳ್ಳುವುದನ್ನು ತಡೆಯಲಿಕ್ಕಂತೂ ಸಾಧ್ಯವೇ ಇಲ್ಲ. ಈಗ ‘ಬಂದಾಗ ಕಾರ್ಡು ತೋರಿಸುತ್ತೇವೆ’ ಅಂತ ಮೊದಲೇ ಹೇಳಿಬಿಡುತ್ತೇನೆ. ಹತ್ತಿರ ಹತ್ತಿರ ಎಲ್ಲರೂ ‘ಓಕೆ’ ಅಂದಿದ್ದಾರೆ. ಅಂದರೆ ಫೋಟೋ ಬೇಕೇ ಬೇಕು ಅಂತ ಇರಲೇ ಇಲ್ಲ, ಅಭ್ಯಾಸ ಬಲ.

ಕ್ಯೂಆರ್ ಫಾರ್ಮ್ ನೋಡಲಿಕ್ಕೆ ಚೆಂದ. ಕೌಂಟರ್ ಮೇಲೆ ಸ್ಟಿಕ್ಕರ್, ಸ್ಕ್ಯಾನ್ ಮಾಡಿ ತುಂಬಿದರೆ ಮುಗಿಯಿತು. ಹಿಂದಿನವನಿಗೆ ನಂಬರ್ ಕಾಣುವ ತೊಂದರೆಯೂ ಇಲ್ಲ. ಆದರೆ ಕೆಲವು ಕಡೆ ಅದು ಬರೀ ಗೂಗಲ್ ಫಾರ್ಮ್. ಕಾರ್ಡಿನ ಫೋಟೋ ಅಪ್‌ಲೋಡ್ ಮಾಡಬೇಕಾದರೆ ಗೂಗಲ್ ಖಾತೆಗೆ ಲಾಗಿನ್ ಆಗಲೇಬೇಕು, ಫೈಲು ಹೋಗಿ ಕೂರುವುದು ಫಾರ್ಮ್ ಮಾಡಿದವರ ಡ್ರೈವ್‌ನಲ್ಲಿ. ಅಲ್ಲಿ ವರ್ಷಗಟ್ಟಲೆ ಬಂದವರ ಕಾರ್ಡುಗಳೆಲ್ಲ ಒಂದೇ ಫೋಲ್ಡರಿನಲ್ಲಿ. ಒಂದು ಪಾಸ್‌ವರ್ಡ್ ಹೋದರೆ ಎಲ್ಲ ಹೋಯಿತು. ಫೋಟೋ ಕೇಳದ, ಬರೀ ಹೆಸರು, ವಿಳಾಸ, ಫೋನ್ ಕೇಳುವ ಫಾರ್ಮ್ ಆದರೆ ಪುಸ್ತಕಕ್ಕಿಂತ ವಾಸಿ. ಅಂಥದ್ದೂ ಸಿಕ್ಕಿದೆ, ಕಾಸರಕೋಡಿನ ಕಡೆ.

ಇಲ್ಲೊಂದು ವಿಚಿತ್ರ ಇದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಪ್ರಕಾರ, ಮಾಹಿತಿ ಯಾಕೆ ತೆಗೆದುಕೊಳ್ಳುತ್ತೇವೆ ಅಂತ ಹೇಳಬೇಕು. ಆ ಸೂಚನೆಯನ್ನು ನಾವು ಕೇಳಿದರೆ ಕನ್ನಡದಲ್ಲೂ ಕೊಡಬೇಕು. ಕೆಲಸ ಮುಗಿದ ಮೇಲೆ, ಬೇರೆ ಕಾನೂನಿಗೆ ಬೇಕಿಲ್ಲದಿದ್ದರೆ, ಅಳಿಸಬೇಕು. ನಿಯಮಗಳು 2025ರ ನವೆಂಬರಿನಲ್ಲಿ ಬಂದವು, ಮುಖ್ಯ ಹೊಣೆಗಳಿಗೆ 18 ತಿಂಗಳ ಕಾಲಾವಕಾಶ ಕೊಟ್ಟರು. ಆದರೆ ಈ ಕಾಯ್ದೆ ಡಿಜಿಟಲ್ ಮಾಹಿತಿಗೆ ಮಾತ್ರ. ಗೆರೆ ಹಾಕಿದ ಪುಸ್ತಕ ಪುಸ್ತಕವಾಗಿಯೇ ಉಳಿದರೆ ಅದಕ್ಕೆ ಇದು ಅನ್ವಯಿಸುವುದಿಲ್ಲ. ಅದನ್ನು ಫೋನಿನಲ್ಲಿ ಫೋಟೋ ಹೊಡೆದ ಕೂಡಲೇ ಲೆಕ್ಕ ಬದಲಾಗುತ್ತದೆ. ಕಾನೂನಿನ ಆಸರೆ ಇಲ್ಲದ ಪುಸ್ತಕವೇ ನನಗೆ ಕಾನೂನಿನ ಆಸರೆ ಇರುವ ವಾಟ್ಸಾಪಿಗಿಂತ ಧೈರ್ಯ ಕೊಡುತ್ತದೆ ಅಂದರೆ ನಗು ಬರುತ್ತದೆ. ಆದರೂ ಅದೇ ನಿಜ.

ಇನ್ನು ಯಾವ ಕಾರ್ಡು ಕೊಡುವುದು? ನನ್ನ ಮೊದಲ ಆಯ್ಕೆ ಡ್ರೈವಿಂಗ್ ಲೈಸೆನ್ಸ್. ಕೆಎ 31 ನೋಡಿದರೆ ಕುಮಟಾ, ಗೋಕರ್ಣದ ಕಡೆಯವರಿಗೆ ‘ಓ, ಶಿರಸಿ ಬದಿಯವರಾ’ ಅಂತ ಗೊತ್ತಾಗಿಬಿಡುತ್ತದೆ, ಅರ್ಧ ಪರಿಶೀಲನೆ ಅಲ್ಲಿಗೇ ಮುಗಿಯುತ್ತದೆ. ಅದರಲ್ಲಿ ವಿಳಾಸ ಇದೆ, ಜನ್ಮದಿನಾಂಕ ಇದೆ, ಸಹಿಯೂ ಇದೆ, ಸಹಿ ಇರುವುದು ಅಷ್ಟು ಇಷ್ಟವಿಲ್ಲ. ಆದರೆ ಬ್ಯಾಂಕು, ಸಿಮ್, ರೇಷನ್ ಎಲ್ಲ ಆಧಾರ್ ನಂಬರಿಗೆ ಅಂಟಿರುವ ಹಾಗೆ ಲೈಸೆನ್ಸ್ ನಂಬರಿಗೆ ಅಂಟಿಲ್ಲ. ಪ್ಯಾನ್ ಕಾರ್ಡ್ ಬೇಡವೇ ಬೇಡ. ಅದರಲ್ಲಿ ವಿಳಾಸ ಇಲ್ಲದ್ದಕ್ಕೆ ಅವರಿಗೂ ಉಪಯೋಗವಿಲ್ಲ.

ಎರಡನೆಯದು ಮಾಸ್ಕ್ಡ್ ಆಧಾರ್. ಆಧಾರ್ ಕೊಡುವ ಯುಐಡಿಎಐ ಪ್ರಾಧಿಕಾರದ ತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಹನ್ನೆರಡು ಅಂಕಿಯಲ್ಲಿ ಕೊನೆಯ ನಾಲ್ಕು ಮಾತ್ರ ಕಾಣುತ್ತದೆ. 2022ರ ಮೇ ತಿಂಗಳಲ್ಲಿ ಯುಐಡಿಎಐನ ಬೆಂಗಳೂರು ಕಚೇರಿ, ಆಧಾರ್ ಜೆರಾಕ್ಸ್ ಎಲ್ಲರಿಗೂ ಕೊಡಬೇಡಿ, ಇದನ್ನು ಬಳಸಿ ಅಂತ ಎಚ್ಚರಿಕೆ ಹೊರಡಿಸಿತ್ತು. ಜನ ತಪ್ಪಾಗಿ ತಿಳಿದುಕೊಳ್ಳಬಹುದು ಅಂತ ಎರಡೇ ದಿನದಲ್ಲಿ ಕೇಂದ್ರ ಅದನ್ನು ವಾಪಸ್ ಪಡೆಯಿತು. ಮಾಸ್ಕ್ಡ್ ಆಧಾರ್ ಮಾತ್ರ ಹಾಗೇ ಇದೆ. ಆದರೆ ಮುಚ್ಚಿರುವುದು ನಂಬರ್ ಒಂದೇ. ವಿಳಾಸ, ಹುಟ್ಟಿದ ದಿನ, ಫೋಟೋ ಎಲ್ಲ ತೆರೆದೇ ಇರುತ್ತದೆ. ಇಂಟರ್‌ನೆಟ್‌ನಿಂದ ಇಳಿಸಿದ ಪಿಡಿಎಫ್ ಅನ್ನೇ ಕಳಿಸಿದರೆ ಅದರ ಪಾಸ್‌ವರ್ಡ್ ಹೆಸರಿನ ಮೊದಲ ನಾಲ್ಕು ಅಕ್ಷರ ಮತ್ತು ಹುಟ್ಟಿದ ವರ್ಷ. ರಿಜಿಸ್ಟರ್ ಪುಸ್ತಕ ನೋಡಿದವರಿಗೆ ಅದನ್ನು ಊಹಿಸಲು ಕಷ್ಟವಿಲ್ಲ. ಪ್ರಿಂಟ್ ಕೊಡಲೇಬೇಕಾದರೆ ಅದರ ಮೇಲೆ ಅಡ್ಡಲಾಗಿ, ಫೋಟೋ ಮುಟ್ಟುವ ಹಾಗೆ, ‘ಈ ಕ್ಯಾಂಪಿನ ವಾಸ್ತವ್ಯಕ್ಕೆ ಮಾತ್ರ’ ಅಂತ ತಾರೀಕು ಹಾಕಿ ಬರೆಯುತ್ತೇನೆ.

ಫೋನಿನಲ್ಲೇ ಕಾರ್ಡು ತೋರಿಸುವ ಸರ್ಕಾರದ ಡಿಜಿಲಾಕರ್ ಆ್ಯಪ್ ಕಾಗದದ ಮೇಲೆ ಒಳ್ಳೆಯದು, ಕುಡ್ಲೆ ಗುಡ್ಡದ ಮೇಲೆ ನೆಟ್‌ವರ್ಕ್ ಸಿಕ್ಕಿದರೆ.

ಕೊನೆಗೆ ಗುಂಪಿನ ವಿಷಯ. ಕ್ಯಾಂಪಿನವರಿಗಿಂತ ಮೊದಲು ನಮ್ಮವರೇ ಎಲ್ಲರ ಆಧಾರ್ ಕಲೆಹಾಕುತ್ತಾರೆ, ‘ಗೋಕರ್ಣ ಟ್ರಿಪ್’ ಅಂತ ಗ್ರೂಪ್ ಮಾಡಿ. ಟ್ರಿಪ್ ಮುಗಿದ ಮೇಲೂ ಗ್ರೂಪ್ ಇರುತ್ತದೆ, ಅದರಲ್ಲಿ ಗೆಳತಿಯ ಗಂಡನ ಸ್ನೇಹಿತನೂ ಇರುತ್ತಾನೆ. ಈಗ ನಮ್ಮ ಗುಂಪಿನಲ್ಲಿ ಬುಕಿಂಗ್ ಮಾಡುವವಳ ಹೆಸರು, ನಂಬರ್ ಮಾತ್ರ ಮುಂಚೆ ಹೋಗುತ್ತದೆ. ಉಳಿದವರು ಲೈಸೆನ್ಸ್ ಪರ್ಸಿನಲ್ಲಿಟ್ಟುಕೊಂಡು ಬಂದು ಕೌಂಟರಿನಲ್ಲಿ ತೋರಿಸುತ್ತಾರೆ. ಗಾಡಿ ಓಡಿಸಲು ಬಾರದವಳು ಮಾಸ್ಕ್ಡ್ ಆಧಾರಿನ ಪ್ರಿಂಟ್ ತರುತ್ತಾಳೆ, ಹೊರಡುವಾಗ ಮರೆಯದೆ ವಾಪಸ್ ಕೇಳಿಕೊಳ್ಳುತ್ತಾಳೆ.