ಒಂದೇ ಮರ, ಮೂರು ಚಳಿಗಾಲ

ರಾತ್ರಿ ಮಲಗುವ ಮುಂಚೆ ಫೋನ್ ಹಿಡಿದು ಸುಮ್ನೆ ಮೇಲಕ್ಕೆ ತಳ್ಳುತ್ತಾ ಇರುತ್ತೇನೆ. ಬೆರಳು ಯಾವುದಕ್ಕೂ ನಿಲ್ಲುವುದಿಲ್ಲ. ಆಗ ಒಂದು ಹಿಮದ ಫೋಟೋ ಬರುತ್ತದೆ. ಕಡುನೀಲಿ ಬೆಟ್ಟ, ಬಿಳಿ ಬಯಲು, ನಡುವೆ ಒಂದು ಪುಟ್ಟ ಮನೆ, ಅದರ ಕಿಟಕಿಯಲ್ಲಿ ಹಳದಿ ದೀಪ. ಬೆರಳು ನಿಂತುಬಿಡುತ್ತದೆ. ಇಂಥದ್ದನ್ನು ಸಾವಿರ ಸಲ ನೋಡಿದ್ದೇನೆ. ಆದರೂ ನಿಲ್ಲುತ್ತದೆ.

ಯಾಕೆ ಅಂತ ತಿಳಿಯಬೇಕಾದರೆ ನಾನೇ ತೆಗೆದು ನೋಡಬೇಕು ಅನ್ನಿಸಿತು. ಹೋದ ಚಳಿಗಾಲದಲ್ಲಿ ಹಿಮ ಬೀಳುವ ಒಂದು ಕಣಿವೆಯಲ್ಲಿ ಒಂಬತ್ತು ದಿನ ಉಳಿದುಕೊಂಡಿದ್ದೆ. ಹೆಪ್ಪುಗಟ್ಟಿದ ಕೆರೆ, ದಡದಲ್ಲಿ ಎಲೆ ಉದುರಿದ ಒಂಟಿ ಮರ, ಹಿಂದೆ ಬೆಟ್ಟ, ಬೆಟ್ಟದ ಬುಡದಲ್ಲಿ ಒಂದು ಮನೆ. ಬೇರೆ ಜಾಗ ಹುಡುಕಿಕೊಂಡು ಅಲೆಯಲಿಲ್ಲ. ಅದೇ ಮರವನ್ನು ಮೂರು ಥರ ತೆಗೆದೆ. ಒಂದು, ಮಧ್ಯಾಹ್ನ ಫೋನಿನಲ್ಲಿ ತೆಗೆದು ಆಮೇಲೆ ಆ್ಯಪ್‌ನಲ್ಲಿ ರಂಗು ಏರಿಸಿದ್ದು. ಇನ್ನೊಂದು, ಸೂರ್ಯ ಮುಳುಗಿದ ಮೇಲೆ ಕ್ಯಾಮೆರಾ ನಿಲ್ಲಿಸಿಕೊಂಡು ಕಾದು ತೆಗೆದದ್ದು. ಮತ್ತೊಂದು, ಹಿಮ ಸುರಿಯುವ ದಿನದ ಕಪ್ಪು-ಬಿಳುಪು. ವಾಪಸ್ ಬಂದ ಮೇಲೆ ವಾರಕ್ಕೊಂದರಂತೆ, ಅದೇ ಖಾತೆಯಲ್ಲಿ, ರಾತ್ರಿ ಅದೇ ಹೊತ್ತಿಗೆ ಹಾಕಿದೆ. ಇದೇನು ಪ್ರಯೋಗಶಾಲೆಯ ಕೆಲಸ ಅಲ್ಲ. ನನ್ನನ್ನು ನೋಡುವವರು ಬೆರಳೆಣಿಕೆಯ ಜನ. ಆದರೂ ಮೂರಕ್ಕೂ ಸಿಕ್ಕ ಮರ್ಯಾದೆ ಎಷ್ಟು ಬೇರೆ ಬೇರೆ ಅಂದರೆ, ಬರೆಯದೆ ಇರಲು ಆಗಲಿಲ್ಲ.

ಮೊದಲು ಫೋನಿನ ಫೋಟೋ. ಮಧ್ಯಾಹ್ನ ಕಣ್ಣು ಕುಕ್ಕುವಷ್ಟು ಬಿಸಿಲು ಇತ್ತು. ತೆಗೆದು ನೋಡಿದರೆ ಹಿಮ ಸಿಮೆಂಟಿನ ಬಣ್ಣಕ್ಕೆ ತಿರುಗಿತ್ತು. ಹಿಮದಲ್ಲಿ ಮೊದಲ ಸಲ ಫೋಟೋ ತೆಗೆದ ಎಲ್ಲರಿಗೂ ಈ ಅನುಭವ ಆಗಿರುತ್ತದೆ. ಕ್ಯಾಮೆರಾಕ್ಕೆ ಎದುರಿಗೆ ಇರುವುದು ಹಿಮ ಅಂತ ಗೊತ್ತಿಲ್ಲ. ಚೌಕಟ್ಟಿನಲ್ಲಿ ಇರುವುದೆಲ್ಲ ಸೇರಿ ನಡುಬೂದು ಬಣ್ಣದಷ್ಟು (ಕಪ್ಪೂ ಅಲ್ಲ, ಬಿಳಿಯೂ ಅಲ್ಲ) ಬೆಳಕು ಇರುತ್ತದೆ ಎಂದು ಅದರ ಲೆಕ್ಕ. ಹೊಸ ಹಿಮವೋ, ಬಿದ್ದ ಬೆಳಕಿನಲ್ಲಿ ನೂರಕ್ಕೆ 80ರಿಂದ 90ರಷ್ಟನ್ನು ವಾಪಸ್ ಎಸೆಯುತ್ತದೆ. ಇಷ್ಟೊಂದು ಬೆಳಕು ಜಾಸ್ತಿ ಆಯಿತು ಅಂತ ಕ್ಯಾಮೆರಾ ಅದನ್ನು ಬೂದು ಬಣ್ಣಕ್ಕೆ ಇಳಿಸುತ್ತದೆ. ಎಕ್ಸ್‌ಪೋಶರನ್ನು, ಅಂದರೆ ಫೋಟೋಗೆ ಬಿಡುವ ಬೆಳಕನ್ನು, ಒಂದರಿಂದ ಎರಡು ಸ್ಟಾಪ್ ಏರಿಸಿದರೆ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು) ಹಿಮ ಮತ್ತೆ ಬೆಳ್ಳಗಾಗುತ್ತದೆ. ಫೋನಿನಲ್ಲಾದರೆ ಪರದೆ ಮುಟ್ಟಿ ಸೂರ್ಯನ ಗುರುತನ್ನು ಮೇಲಕ್ಕೆ ಎಳೆದರೆ ಸಾಕು.

ನಾನು ಅಷ್ಟಕ್ಕೇ ನಿಲ್ಲಲಿಲ್ಲ. ಕಾಂಟ್ರಾಸ್ಟ್ ಏರಿಸಿದೆ, ನೆರಳಿಗೆ ನೀಲಿ ಸುರಿದೆ, ಬಿಸಿಲು ಬಿದ್ದ ಕಡೆ ಕಿತ್ತಳೆ ಮೆತ್ತಿದೆ, ಆಕಾಶವನ್ನು ಬಿರುಗಾಳಿ ಬರುವ ಹಾಗೆ ಕಪ್ಪು ಮಾಡಿದೆ. ನಾಲ್ಕು ನಿಮಿಷದ ಕೆಲಸ. ನೋಡಿದರೆ ನನಗೇ ಮೈ ಜುಮ್ಮೆಂದಿತು!

ಹಾಕಿದ ಮೊದಲ ಗಂಟೆಯಲ್ಲೇ ಅದು ಗೆದ್ದಿತು. ಉಳಿದೆರಡು ಫೋಟೋಗಳು ಆಮೇಲೆ ಎಷ್ಟು ಏದುಸಿರು ಬಿಟ್ಟರೂ ಅದರ ಲೈಕ್ ಲೆಕ್ಕವನ್ನು ಮುಟ್ಟಲಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. ಅಂಗೈಯಗಲದ ಪರದೆಯಲ್ಲಿ ಫೋಟೋಗೆ ಸಿಗುವುದು ಅರ್ಧ ಸೆಕೆಂಡ್. ಅಷ್ಟರಲ್ಲಿ ಕಣ್ಣಿಗೆ ಕಾಣುವುದು ದೊಡ್ಡ ಆಕಾರ ಮತ್ತು ಬಣ್ಣದ ಜಗಳ ಮಾತ್ರ. ಹಿಮ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಹುಲ್ಲು, ಕಲ್ಲು, ಬೇಲಿ, ಕಸ ಎಲ್ಲವನ್ನೂ ಮುಚ್ಚಿ ಒಂದು ಮರವನ್ನಷ್ಟೇ ಉಳಿಸಿಕೊಡುತ್ತದೆ. ನೀಲಿ-ಕಿತ್ತಳೆ ಅಂತೂ ಒಂದನ್ನೊಂದು ಎತ್ತಿ ತೋರಿಸುವ ಜೋಡಿ.

ಆದರೆ ಇದೇ ಫೋಟೋವನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದೆ. ಕೊಂಬೆಗಳ ಸುತ್ತ ಬಿಳಿ ಅಂಚು, ದೇವರ ಪಟದ ಪ್ರಭಾವಳಿಯ ಹಾಗೆ. ಹಿಮದಲ್ಲಿ ಮೃದುತನವೇ ಇಲ್ಲ, ಪುಡಿ ಮಾಡಿದ ಗಾಜು ಹರಡಿದಂತಿದೆ. ಕೆಳಗೆ ಒಬ್ಬರು ಕೇಳಿದ್ದರು: "ಇದು ನಿಜವಾದ ಜಾಗವಾ, ಇಲ್ಲ ಎಐ ಮಾಡಿದ್ದಾ?" ಮೊಣಕಾಲು ಮುಳುಗುವ ಹಿಮದಲ್ಲಿ ನಡೆದು ಹೋಗಿ ತೆಗೆದವನಿಗೆ ಈ ಪ್ರಶ್ನೆ ಚುಚ್ಚುತ್ತದೆ, ಅಲ್ವಾ? ಆದರೆ ಕೇಳಿದವರದು ತಪ್ಪಲ್ಲ. ಹಾಗೆ ಕಾಣುವಂತೆ ಮಾಡಿದವನು ನಾನೇ.

ಹಾಗಂತ ರಂಗು ಏರಿಸುವುದೆಲ್ಲ ಮೋಸ ಎಂದು ಮೂಗು ಮುರಿಯುವವರ ಸಾಲಿಗೂ ನಾನು ಸೇರುವುದಿಲ್ಲ. ಹಿಮದ ಮೇಲಿನ ನೆರಳು ನಿಜಕ್ಕೂ ನೀಲಿಯೇ. ಅಲ್ಲಿಗೆ ಬಿಸಿಲು ಬೀಳುವುದಿಲ್ಲ, ನೀಲಿ ಆಕಾಶದ ಬೆಳಕಷ್ಟೇ ಬೀಳುತ್ತದೆ. ನಮ್ಮ ಕಣ್ಣು ಹಿಮ ಅಂದರೆ ಬಿಳಿ ಎಂದು ತೀರ್ಮಾನಿಸಿ ಆ ನೀಲಿಯನ್ನು ತಳ್ಳಿಹಾಕಿಬಿಡುತ್ತದೆ. ಕ್ಯಾಮೆರಾ ತಳ್ಳಿಹಾಕುವುದಿಲ್ಲ.

ಅಲ್ಲದೆ ಫೋಟೋದಲ್ಲಿ ಹೀಗೆ ನಾಟಕ ಮಾಡುವುದು ಹೊಸದೂ ಅಲ್ಲ. 1927ರ ಏಪ್ರಿಲ್ 10ರಂದು ಆ್ಯನ್ಸೆಲ್ ಆ್ಯಡಮ್ಸ್ ಎಂಬ ಫೋಟೋಗ್ರಾಫರ್ ಅಮೆರಿಕದ ಯೊಸೆಮಿಟಿಯಲ್ಲಿ ಹಿಮ ತುಳಿದುಕೊಂಡು ಮೇಲೆ ಹತ್ತಿ, ಹಾಫ್ ಡೋಮ್ ಎಂಬ ಬೃಹತ್ ಬಂಡೆಯ ಎದುರು ನಿಂತರು. ಫೋಟೋ ಮೂಡಿಸಲು ಉಳಿದಿದ್ದುದು ಎರಡೇ ಗಾಜಿನ ಪ್ಲೇಟು. ಒಂದನ್ನು ಲೆನ್ಸಿಗೆ ಹಳದಿ ಫಿಲ್ಟರ್ ಹಾಕಿ ತೆಗೆದರು. ತಮಗೆ ಅನ್ನಿಸಿದ ಗಾಂಭೀರ್ಯ ಅದರಲ್ಲಿ ಬರುವುದಿಲ್ಲ ಎಂದು ಹೊಳೆಯಿತು. ಕೊನೆಯ ಪ್ಲೇಟಿಗೆ ಕಡುಗೆಂಪು ಫಿಲ್ಟರ್ ಹಾಕಿದರು. ನೀಲಿ ಆಕಾಶ ಹೆಚ್ಚುಕಡಿಮೆ ಕಪ್ಪಾಯಿತು. ಜನ ಇವತ್ತಿಗೂ ನೆನೆಯುವುದು ಆ ಎರಡನೆಯದನ್ನು. ಅದಕ್ಕೂ ಮುಂಚೆ, 1915ರ ಆಗಸ್ಟ್‌ನಲ್ಲಿ, ಅಂಟಾರ್ಕ್ಟಿಕಾದ ವೆಡೆಲ್ ಸಮುದ್ರದ ಮಂಜುಗಡ್ಡೆಯಲ್ಲಿ ಸಿಕ್ಕಿಬಿದ್ದಿದ್ದ ಎಂಡ್ಯೂರೆನ್ಸ್ ಹಡಗನ್ನು ಫ್ರಾಂಕ್ ಹರ್ಲಿ ಎಂಬ ಫೋಟೋಗ್ರಾಫರ್ ರಾತ್ರಿ ಹೊತ್ತು ತೆಗೆದರು. ಮಂಜುಗಡ್ಡೆಯ ದಿಬ್ಬಗಳ ಹಿಂದೆ ಮದ್ದಿನ ಫ್ಲಾಶ್‌ಗಳನ್ನು ಇಟ್ಟು ಸುಮಾರು 20 ಸಲ ಸಿಡಿಸಿದರು. ಕಪ್ಪು ಆಕಾಶದ ಮುಂದೆ ಬೆಳ್ಳನೆಯ ದೆವ್ವದಂಥ ಹಡಗು ಮೂಡಿತು. ಇದಕ್ಕಿಂತ ದೊಡ್ಡ ನಾಟಕ ಬೇಕಾ? ಅವರಿಬ್ಬರಿಗೂ ಎಲ್ಲಿ ಎಷ್ಟು ಕಪ್ಪು ಬೇಕು ಎಂದು ಬಟನ್ ಒತ್ತುವ ಮುಂಚೆಯೇ ಗೊತ್ತಿತ್ತು. ನಾನು ಸ್ಲೈಡರ್ ಎಳೆಯುತ್ತಾ ಎಳೆಯುತ್ತಾ, ಎಲ್ಲಿ ಚೆಂದ ಕಂಡಿತೋ ಅಲ್ಲಿ ಬಿಟ್ಟೆ.

ಇನ್ನು ಕಾದು ತೆಗೆದದ್ದು. ಸೂರ್ಯ ದಿಗಂತದಿಂದ ಸುಮಾರು 4ರಿಂದ 6 ಡಿಗ್ರಿ ಕೆಳಗೆ ಇಳಿದಾಗ ಎಲ್ಲವೂ ನೀಲಿಗೆ ತಿರುಗುವ ಒಂದು ಹೊತ್ತಿದೆ. ಫೋಟೋ ತೆಗೆಯುವವರು ಬ್ಲೂ ಅವರ್ (ನೀಲಿ ಗಂಟೆ) ಅನ್ನುತ್ತಾರೆ. ಹೆಸರಿಗಷ್ಟೇ ಅವರ್, ಭೂಮಧ್ಯರೇಖೆಯ ಹತ್ತಿರ ಕೆಲವೇ ನಿಮಿಷದಲ್ಲಿ ಮುಗಿದುಹೋಗುತ್ತದೆ. ಉತ್ತರಕ್ಕೆ ಹೋದಷ್ಟೂ ಸೂರ್ಯ ಓರೆಯಾಗಿ ಇಳಿಯುವುದರಿಂದ ಅದು ಉದ್ದವಾಗುತ್ತದೆ. ನಾರ್ವೆಯ ಟ್ರೋಮ್ಸೋದಲ್ಲಿ ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಸೂರ್ಯ ಮೇಲೆ ಬರುವುದೇ ಇಲ್ಲ. ಅಲ್ಲಿಂದ ಬರುವ ಚಳಿಗಾಲದ ಫೋಟೋಗಳು ಅಷ್ಟೊಂದು ನೀಲಿ ಇರುವುದು ಇದಕ್ಕೇ. ಆ ನೀಲಿಗೆ ಮೇಲಿನ ಓಝೋನ್ ಪದರದ ಪಾಲೂ ಇದೆ. ಓರೆಯಾಗಿ ಬರುವ ಬೆಳಕಿನಲ್ಲಿ ಹಳದಿ-ಕಿತ್ತಳೆಯನ್ನು ಅದು ಹೀರಿಕೊಳ್ಳುತ್ತದೆ.

ಮೂರು ಸಂಜೆ ಕಾದೆ. ಮೊದಲ ಸಂಜೆ ಮೋಡ. ಎರಡನೇ ಸಂಜೆ ಬೆಳಕು ಬರುವ ಹೊತ್ತಿಗೆ ಬ್ಯಾಟರಿ ಸತ್ತಿತು. ಚಳಿಯಲ್ಲಿ ಲಿಥಿಯಂ ಬ್ಯಾಟರಿಯ ಒಳಗಿನ ರಸಾಯನ ಕ್ರಿಯೆ ನಿಧಾನವಾಗುತ್ತದೆ, ಅರ್ಧ ಇದೆ ಅನ್ನುತ್ತಿದ್ದದ್ದು ಏಕಾಏಕಿ ಸೊನ್ನೆ ಅನ್ನುತ್ತದೆ. ಒಳಜೇಬಿನಲ್ಲಿ ಬೆಚ್ಚಗೆ ಇಟ್ಟುಕೊಂಡರೆ ಮತ್ತೆ ಜೀವ ಬರುತ್ತದೆ. ಇದನ್ನು ಓದಿಯೇ ಹೋಗಿದ್ದೆ, ಆದರೂ ಎರಡೂ ಬ್ಯಾಟರಿಗಳನ್ನು ಹೊರಗಿನ ಚೀಲದಲ್ಲೇ ಇಟ್ಟಿದ್ದೆ. ಜೊತೆಗೆ ಬಂದಿದ್ದ ಗೆಳೆಯ, "ಮಾರಾಯಾ, ಮರ ಎಲ್ಲೂ ಓಡಿಹೋಗಲ್ಲ, ನಡಿ" ಅಂದ. ಮರ ಓಡುವುದಿಲ್ಲ, ನಿಜ. ಬೆಳಕು ಓಡುತ್ತದೆ.

ಮೂರನೇ ಸಂಜೆ ಸಿಕ್ಕಿತು. ಟ್ರೈಪಾಡ್ ಎಂಬ ಮೂರುಕಾಲಿನ ಸ್ಟ್ಯಾಂಡ್, 8 ಸೆಕೆಂಡು ಬೆಳಕು ಒಳಗೆ ಬಿಡುವ ಎಕ್ಸ್‌ಪೋಶರ್. ನೀಲಿ ಹಿಮ, ಇನ್ನಷ್ಟು ನೀಲಿ ಬೆಟ್ಟ, ಕಪ್ಪು ಮರ. ಆ ಗಳಿಗೆಗೇ ಬೆಟ್ಟದ ಬುಡದ ಮನೆಯಲ್ಲಿ ಯಾರೋ ದೀಪ ಹಾಕಿದರು. ಎಡಿಟ್ ಅಂತ ಮಾಡಿದ್ದು ಚೂರು ಓರೆಯಾಗಿದ್ದುದನ್ನು ನೆಟ್ಟಗೆ ಮಾಡಿದ್ದು ಅಷ್ಟೇ. ಖುಷಿಯಲ್ಲಿ ಕ್ಯಾಮೆರಾವನ್ನು ಹಾಗೇ ಬೆಚ್ಚನೆಯ ಕೋಣೆಗೆ ತಂದೆ. ಎರಡೇ ನಿಮಿಷಕ್ಕೆ ಲೆನ್ಸಿನ ಒಳಗೂ ಹೊರಗೂ ನೀರಹನಿ ಕಟ್ಟಿತು. ಹೊರಗೇ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ, ಒಳಗೆ ತಂದ ಮೇಲೂ ಒಂದೆರಡು ಗಂಟೆ ಬಿಡಬೇಕು. ನಾನು ಹಾಗೆ ಮಾಡಲಿಲ್ಲ, ಮರುದಿನ ಬೆಳಗ್ಗೆಯ ಫೋಟೋಗಳೆಲ್ಲ ಹೋದವು.

ಈ ಫೋಟೋಗೆ ಲೈಕ್ ನಿಧಾನವಾಗಿ ಬಂತು, ಮೊದಲನೆಯದಕ್ಕಿಂತ ಕಡಿಮೆಯೇ ಬಂತು. ಆದರೆ ಉಳಿಸಿಟ್ಟುಕೊಂಡವರು ಇದರಲ್ಲೇ ಜಾಸ್ತಿ. ಮಾತುಗಳೂ ಬೇರೆ ಥರ. ಮೊದಲನೆಯದರ ಕೆಳಗೆ "ಸೂಪರ್", "ಬೆಂಕಿ" ಇದ್ದವು. (ಹಿಮಕ್ಕೆ ಬೆಂಕಿ!) ಇದರ ಕೆಳಗೆ ಒಬ್ಬರು "ಸದ್ದೇ ಇಲ್ಲ ಅನ್ನಿಸಿತು" ಎಂದು ಬರೆದಿದ್ದರು. ಅವರಿಗೆ ಹೇಗೆ ಗೊತ್ತಾಯಿತೋ. ಅಲ್ಲಿ ನಿಜಕ್ಕೂ ಸದ್ದಿರಲಿಲ್ಲ. ಹೊಸದಾಗಿ ಬಿದ್ದ ಹಿಮದ ತುಂಬ ಗಾಳಿಯ ಸಂದುಗಳು ಇರುತ್ತವೆ, ಅವು ಶಬ್ದವನ್ನು ನುಂಗಿಬಿಡುತ್ತವೆ.

ಆಗ ಒಂದು ತುಂಟ ಯೋಚನೆ ಬಂತು. ಆ ಹಳದಿ ಕಿಟಕಿಯನ್ನು ಅಳಿಸಿ ಇನ್ನೊಂದು ಪ್ರತಿ ಮಾಡಿದೆ. ಮೊದಲ ಸಲ ನೋಡುವ ಇಬ್ಬರು ಗೆಳೆಯರಿಗೆ ಅದನ್ನೇ ಕಳಿಸಿದೆ. ಇಬ್ಬರೂ "ಚೆನ್ನಾಗಿದೆ" ಅಂದು ಸುಮ್ಮನಾದರು. ಮಾರನೇ ದಿನ ಕಿಟಕಿ ಇರುವುದನ್ನು ಕಳಿಸಿದೆ. ಒಬ್ಬ ತಕ್ಷಣ ಫೋನ್ ಮಾಡಿ, ಆ ಮನೆಯಲ್ಲಿ ಉಳಿದುಕೊಳ್ಳಬಹುದಾ ಎಂದು ಕೇಳಿದ. ಇಡೀ ಫೋಟೋದಲ್ಲಿ ಆ ಕಿಟಕಿ ಇರುವುದು ಸಾಸಿವೆ ಕಾಳಿನಷ್ಟು! ನನ್ನ ಬೆರಳು ನಿಲ್ಲುತ್ತಿದ್ದುದು ಬೆಟ್ಟಕ್ಕಲ್ಲ, ಹಿಮಕ್ಕೂ ಅಲ್ಲ ಎಂದು ಆಗ ಗೊತ್ತಾಯಿತು. ಹೊದ್ದುಕೊಂಡು ಮಲಗಿ ನೋಡುವವನಿಗೆ ಚಳಿ ಹೊರಗಿದೆ, ತಾನು ಒಳಗಿದ್ದೇನೆ ಎಂಬುದೇ ಸುಖ. ಚಳಿ ಎಷ್ಟು ಕಡುವಾಗಿ ಕಂಡರೆ ಹೊದಿಕೆ ಅಷ್ಟು ಬೆಚ್ಚಗೆ. ಆ ಕಿಟಕಿಯ ಒಳಗೆ ಕೂತಿರುವುದು ನಾವೇ.

ಮೂರನೆಯದು ನನ್ನ ಮುದ್ದಿನದು, ಅದಕ್ಕೇ ಅದರ ಸೋಲು ಜಾಸ್ತಿ ನೋಯಿಸಿತು. ಹಿಮ ದಟ್ಟವಾಗಿ ಸುರಿಯುತ್ತಿದ್ದ ಬೆಳಗ್ಗೆ. ಬೆಟ್ಟ, ಮನೆ, ಕೆರೆ ಯಾವುದೂ ಇಲ್ಲ. ಬಿಳಿ ಹಾಳೆಯ ಮೇಲೆ ಶಾಯಿಯಲ್ಲಿ ಎಳೆದ ಹಾಗೆ ಮರ ಒಂದೇ. ಶಟರ್ ವೇಗ, ಅಂದರೆ ಕ್ಯಾಮೆರಾ ಬೆಳಕಿಗೆ ಎಷ್ಟು ಹೊತ್ತು ತೆರೆದಿರುತ್ತದೆ ಎಂಬುದನ್ನು, ಬದಲಿಸಿ ಬದಲಿಸಿ ನೋಡಿದೆ. 1/250 ಸೆಕೆಂಡಿನಲ್ಲಿ ಹಿಮದ ಹಳಕು ಗಾಳಿಯಲ್ಲಿ ತಟಸ್ಥವಾಗಿ ನಿಂತಂತೆ ಬಂತು, ಲೆನ್ಸಿಗೆ ಧೂಳು ಹತ್ತಿದ ಹಾಗೆ. 1/30ರಲ್ಲಿ ಗೆರೆಗೆರೆಯಾಗಿ ಬಂತು, ಬೀಳುತ್ತಿರುವುದು ಗೊತ್ತಾಗುತ್ತಿತ್ತು. ಅದನ್ನೇ ಇಟ್ಟುಕೊಂಡೆ. ಫ್ಲಾಶ್ ಹಾಕಿದ್ದು ಮಾತ್ರ ಹಾಸ್ಯಾಸ್ಪದ, ಹತ್ತಿರದ ಹಳಕುಗಳೆಲ್ಲ ಬಿಳಿ ಚೆಂಡುಗಳಾದವು.

ಫೋನಿನಲ್ಲಿ ಇದು ನೆಲಕಚ್ಚಿತು. ಫೋಟೋ ಕೆಟ್ಟದಿತ್ತು ಅಂತಲ್ಲ. ರಾತ್ರಿ, ದೀಪ ಆರಿಸಿದ ಕೋಣೆಯಲ್ಲಿ, ಇಡೀ ಪರದೆ ಬೆಳ್ಳಗೆ ಹೊತ್ತಿಕೊಂಡರೆ ಯಾರಾದರೂ ಕಣ್ಣು ಕಿರಿದು ಮಾಡಿ ಮುಂದಕ್ಕೆ ತಳ್ಳುತ್ತಾರೆ. ನಾನೂ ತಳ್ಳುತ್ತೇನೆ. ಕಡುನೀಲಿ ಫೋಟೋ ಅದೇ ಕತ್ತಲಲ್ಲಿ ಹಣತೆಯ ಹಾಗೆ ಬೆಳಗುತ್ತದೆ. ಜೊತೆಗೆ ಇನ್‌ಸ್ಟಾಗ್ರಾಂನಂಥ ಕಡೆ ಹಾಕಿದಾಗ ಫೋಟೋ 1080 ಪಿಕ್ಸೆಲ್ ಅಗಲಕ್ಕೆ ಕುಗ್ಗುತ್ತದೆ, ಇನ್ನೊಮ್ಮೆ ಹಿಂಡಿ ಹಗುರ ಮಾಡಲಾಗುತ್ತದೆ. ಬಿಳಿಯಿಂದ ಬೂದು ಬಣ್ಣಕ್ಕೆ ನಯವಾಗಿ ಇಳಿಯುತ್ತಿದ್ದ ಆಕಾಶದಲ್ಲಿ ಮೆಟ್ಟಿಲು ಮೆಟ್ಟಿಲು ಪಟ್ಟೆಗಳು ಎದ್ದಿದ್ದವು. ಜಪಾನಿನ ಹೊಕ್ಕೈಡೊದಲ್ಲಿ ಮೈಕಲ್ ಕೆನ್ನಾ ಎಂಬ ಫೋಟೋಗ್ರಾಫರ್ ತೆಗೆದ ಹಿಮದ ಮರಗಳನ್ನು ನೀವು ಪರದೆಯಲ್ಲಿ ನೋಡಿ ಇಷ್ಟೇನಾ ಅಂದುಕೊಂಡಿದ್ದರೆ, ಅಚ್ಚಿನಲ್ಲಿ ಒಮ್ಮೆ ನೋಡಿ. ನಾನು ನನ್ನದನ್ನು ಒರಟು ಮೈಯ ಕಾಗದದ ಮೇಲೆ ಅಚ್ಚು ಹಾಕಿಸಿದೆ. ಆಗ ಮಿಕ್ಕ ಎರಡೂ ಅದರ ಮುಂದೆ ನಿಲ್ಲಲಿಲ್ಲ. ಕಾಗದದ ಬಿಳಿಯೇ ಹಿಮವಾಯಿತು.

ನಾಲ್ಕನೇ ದಾರಿಯೊಂದಿದೆ, ಅದನ್ನು ಅರ್ಧ ದಿನ ಮಾತ್ರ ಪರೀಕ್ಷಿಸಿದೆ: ಎಲ್ಲರೂ ತೆಗೆದ ಜಾಗಕ್ಕೇ ಹೋಗಿ ಅದೇ ಫೋಟೋ ತೆಗೆಯುವುದು. ಕಣಿವೆಯ ಮೇಲಿನ ಹೆಸರಾದ ನೋಟದ ಜಾಗದಲ್ಲಿ ಟ್ರೈಪಾಡ್‌ಗಳ ಸಾಲೇ ಇತ್ತು, ನನ್ನದಕ್ಕೆ ಕಾಲೂರಲು ಜಾಗ ಇರಲಿಲ್ಲ. ಬಂದ ಫೋಟೋ ಚೆಂದವಿದೆ, ಯಾರದಾದರೂ ಆಗಬಹುದಿತ್ತು. ಈ ಆಸೆಗೆ ಬೆಲೆ ತೆತ್ತ ಮರಗಳೂ ಇವೆ. ಹೊಕ್ಕೈಡೊದ ಬಿಯೇ ಎಂಬ ಊರಿನಲ್ಲಿ ಓರೆಯಾಗಿ ನಿಂತಿದ್ದ ಒಂದು ಪಾಪ್ಲರ್ ಮರ ಫೋಟೋಗಳಿಂದ ಪ್ರಸಿದ್ಧವಾಗಿತ್ತು. ಜನ ಹೊಲ ತುಳಿದು ತುಳಿದು, ಮರಕ್ಕೂ ವಯಸ್ಸಾಗಿ, 2016ರ ಫೆಬ್ರವರಿಯಲ್ಲಿ ಹೊಲದ ಯಜಮಾನರು ಅದನ್ನು ಕಡಿಸಿಬಿಟ್ಟರು. 2025ರ ಜನವರಿಯಲ್ಲಿ ಅದೇ ಬಿಯೇಯಲ್ಲಿ ಸುಮಾರು 40 ಬರ್ಚ್ ಮರಗಳ ಸಾಲು ಹೋಯಿತು. ಅಲ್ಲೂ ಪ್ರವಾಸಿಗರ ಕಾಟ ಒಂದು ಕಾರಣ. ನಾನು ತೆಗೆದ ಮರ ಎಲ್ಲಿದೆ ಎಂದು ಕೇಳಿದವರಿಗೆ ಹೇಳಿಲ್ಲ.

ಹಾಗಾದರೆ ಯಾವುದು? ಫೋನಿನಲ್ಲಿ ಹಂಚಿಕೊಳ್ಳಲು ತೆಗೆಯುವುದಾದರೆ ಸಂಜೆ ಕಾಯಿರಿ, ಚೌಕಟ್ಟಿನಲ್ಲಿ ಒಂದು ದೀಪ ಇರಲಿ, ಫೋಟೋದ ಅಂಚು ಕತ್ತರಿಸಿ ಫೋನಿನ ಪರದೆಯ ಹಾಗೆ ಉದ್ದುದ್ದ ಮಾಡಿ. ಕಾಯಲು ಪುರುಸೊತ್ತಿಲ್ಲ, ಮಧ್ಯಾಹ್ನವೇ ಸಿಕ್ಕಿದೆ ಅಂದರೆ ಹಿಮವನ್ನು ಬೆಳ್ಳಗೆ ಮಾಡಿ, ನೆರಳಿನ ನೀಲಿಯನ್ನು ಇದ್ದಷ್ಟೇ ಬಿಡಿ, ಕೊಂಬೆಯ ಸುತ್ತ ಬಿಳಿ ಅಂಚು ಮೂಡಿದ ಕೂಡಲೇ ಕೈ ತೆಗೆಯಿರಿ. ಕಪ್ಪು-ಬಿಳುಪನ್ನು ಗೋಡೆಗೆ ಇಟ್ಟುಕೊಳ್ಳಿ.

ನನ್ನ ಗೋಡೆಯ ಮೇಲೆ ಈಗ ಮೂರನೆಯದಿದೆ. ಫೋನ್ ತೆರೆದರೆ ಎರಡನೆಯದು ಕಾಣುತ್ತದೆ. ಮೊದಲನೆಯದನ್ನು ಅಳಿಸಬೇಕು ಅಂತ ಎರಡು ಮೂರು ಸಲ ತೆರೆದಿದ್ದೇನೆ. ನಿನ್ನೆ ರಾತ್ರಿಯೂ ತೆರೆದೆ. ಅಷ್ಟರಲ್ಲಿ ಅದಕ್ಕೆ ಇನ್ನೂ ಎರಡು ಲೈಕ್ ಬಂದವು.