ಗಂಗಾವತಿಯ ಒಂದು ಸೈನಿಕ್ ಸ್ಕೂಲ್ ಕೋಚಿಂಗ್: ರೊಕ್ಕ ಕಟ್ಟಿದ ಅಪ್ಪನ ರಿವ್ಯೂ

ಹೆಸರು ಹಾಕಂಗಿಲ್ಲ, ಸುಮ್ನ ಯಾಕ ಜಗಳ. ನಮ್ಮ ಹುಡುಗನ್ನ ಹೋದ್ ವರ್ಷ ಜೂನ್‌ದಾಗ ಸೇರ್ಸಿದ್ದೆ, ಆರನೇ ಕ್ಲಾಸಿನ ಸೈನಿಕ್ ಸ್ಕೂಲ್ ಎಂಟ್ರನ್ಸ್‌ಗೆ, ಹಾಸ್ಟೆಲ್ ಊಟ ಎಲ್ಲಾ ಕೂಡಿ 62 ಸಾವಿರ. ಬೋರ್ಡ್ ಮ್ಯಾಲೆ ಯೂನಿಫಾರ್ಮ್ ಹಾಕ್ಕೊಂಡು ಪರೇಡ್ ಮಾಡೋ ಹುಡುಗ್ರ ಫೋಟೋ ನೋಡಿ ಬಿದ್ದವ್ನು ನಾನೂ ಒಬ್ಬ, ಸುಳ್ಳು ಯಾಕ ಹೇಳ್ಲಿ.

ಮೊದ್ಲು ಛಲೋದು ಹೇಳ್ತೀನಿ. ಗಣಿತದ ಸರ್ ಅದಾರಲ್ಲ, ಅವ್ರಿಗೆ ಕೈ ಮುಗೀಬೇಕು. ತೊಟ್ಟಿಗೆ ಎರಡು ನಳ, ಒಂದು ತುಂಬ್ತದ ಒಂದು ಖಾಲಿ ಮಾಡ್ತದ ಅನ್ನೋ ಲೆಕ್ಕ ಇರ್ತಾವಲ್ಲ, ಅದನ್ನ ಅವ್ರು ಎಡದಂಡೆ ಕಾಲುವಿ ನೀರು ಗದ್ದಿಗೆ ಬಿಡೋ ಲೆಕ್ಕ ಮಾಡಿ ಹೇಳ್ತಾರ, ಮ್ಯಾಲಿನವ್ರು ತೂಬು ಎತ್ತಿದ್ರ ಕೆಳಗಿನವ್ರಿಗೆ ಎಷ್ಟು ತಾಸಿಗೆ ಬರ್ತದ ಅಂತ, ಭತ್ತ ಬೆಳಿಯೋರ ಮಕ್ಕಳಿಗೆ ಇದು ಬಿಡಿಸಿ ಹೇಳ್ಬೇಕಾ, ಒಂದ್ ಸಲಕ್ಕ ತಲ್ಯಾಗ ಕುಂತ್ಬಿಡ್ತದ. ನಮ್ಮವ್ನು 150ಕ್ಕ 129 ತಗದ.

ಆದ್ರ ಪೇಪರ್ ಇರೋದು 300 ಮಾರ್ಕ್ಸ್‌ದು ರೀ. ಗಣಿತ 50 ಪ್ರಶ್ನಿ, ಒಂದಕ್ಕ 3 ಮಾರ್ಕ್ಸ್. ಉಳಿದಿದ್ದು ಭಾಷೆ, ಬುದ್ಧಿಮತ್ತೆ, ಜನರಲ್ ನಾಲೆಜ್, ಮೂರಕ್ಕೂ 25 25 ಪ್ರಶ್ನಿ, ಒಂದೊಂದಕ್ಕ 2 ಮಾರ್ಕ್ಸ್, ಎಲ್ಲಾ 150 ನಿಮಿಷದಾಗ ಓಎಂಆರ್ ಶೀಟ್‌ನಾಗ ಮುಗಿಸ್ಬೇಕು. ಇವ್ರು ಜಿಕೆಗೆ ಅಂತ ಒಬ್ಬ ಮಾಸ್ತರ್‌ನೂ ಇಟ್ಟಿಲ್ಲ, ಒಂದು ಝೆರಾಕ್ಸ್ ಪುಸ್ತಕ ಕೊಟ್ಟು ಬಾಯಿಪಾಠ ಮಾಡ್ರೋ ಅಂತ ಬಿಟ್ಬಿಟ್ರು. ನಮ್ಮವ್ನಿಗೆ ಅದ್ರಾಗ ಬಂದಿದ್ದು 50ಕ್ಕ 26. ಎಲ್ಲಾ ಕೂಡಿ 239, ಕ್ವಾಲಿಫೈ ಆದ, ಸೀಟ್ ಸಿಗ್ಲಿಲ್ಲ. ಪೂರಾ ಅವ್ರದೇ ತಪ್ಪು ಅಂತ ಅನ್ನಂಗಿಲ್ಲ, ಸ್ಪರ್ಧಿ ಹಂಗ ಐತಿ, ಆದ್ರ ಆ 26 ನೋಡಿದಾಗೆಲ್ಲ ಹೊಟ್ಟಿ ಉರೀತದ.

ಇನ್ನೊಂದು. ಆರನೇ ಕ್ಲಾಸಿನ ಪರೀಕ್ಷೆ ಕನ್ನಡದಾಗೂ ಬರೀಬಹುದು. ಒಂಬತ್ತಕ್ಕ ಮಾತ್ರ ಇಂಗ್ಲಿಷ್ ಒಂದೇ. ಇದನ್ನ ಇವ್ರು ಹೇಳಂಗೇ ಇಲ್ಲ, ಫಾರ್ಮ್ ತುಂಬೋ ದಿನ ನಾನಾಗೇ ಕೇಳಿದ್ಮ್ಯಾಲೆ ಹೌದ್ ಸರ ಆಪ್ಷನ್ ಐತಿ ಅಂದ್ರು. ಕನ್ನಡ ಮೀಡಿಯಂ ಹುಡುಗ್ರು ಇಂಗ್ಲಿಷ್ ಪೇಪರ್ ಹಿಡ್ಕೊಂಡು ಒದ್ದಾಡೋದು ಯಾಕ ರೀ, ನಿಮ್ಮ ಟೆಸ್ಟ್ ಪೇಪರ್ ಇಂಗ್ಲಿಷ್‌ನಾಗ ಅದಾವ ಅಂತನಾ?

ನಂಗ ಖರೇನ ಸಿಟ್ಟು ಬಂದಿದ್ದು ಬ್ಯಾರೆ ಮಾತಿಗೆ. ಎಂಟು ತಿಂಗ್ಳು ವಿಜಯಪುರ ವಿಜಯಪುರ ಅಂತಾರಲ್ಲ, ಆ ಸಾಲಿ ಏನು ಎತ್ತ ಅಂತ ಇವ್ರಿಗೇ ಗೊತ್ತಿಲ್ಲ. ನಮ್ಮ ದೊಡ್ಡಪ್ಪನ ಮಗ ಅಲ್ಲೇ ಕಲ್ತವ್ನು, ಹೊಯ್ಸಳ ಹೌಸ್ (ಹೌಸ್ ಅಂದ್ರ ಸಾಲ್ಯಾಗ ಹುಡುಗ್ರನ್ನ ಹಂಚಿ ಮಾಡಿದ ಗುಂಪು). ಈಗ ಅರವತ್ತರ ಹತ್ರ ಬಂದಾನ, ಇವತ್ತಿಗೂ ತನ್ನ ರೋಲ್ ನಂಬರ್ ಹೇಳೇ ಪರಿಚಯ ಮಾಡ್ಕೊಳ್ಳೋದು, ಅಲ್ಲಿ ಕಲ್ತವ್ರಿಗೆ ಅಜೀತ್ ಅಂತ ಕರೀತಾರ, ಹಂಗ ಕರೆದ್ರ ಖುಷಿ. ಹುಡುಗನ್ನ ಕೋಚಿಂಗ್‌ಗೆ ಹಾಕೋಕಿಂತ ಮುಂಚೆ ಅಣ್ಣನ್ನ ಕರ್ಕೊಂಡು ಕುಷ್ಟಗಿ, ಇಳಕಲ್, ಹುನಗುಂದ ದಾಟಿ ಹೋಗಿದ್ವಿ. ಸುಮಾರು 400 ಎಕರೆ ಜಾಗ ರೀ ಅದು! ದಾರಿ ಉದ್ದಕ್ಕೂ ಅಣ್ಣ ಹೇಳ್ಕೋತ ಬಂದ, 1961ರಾಗ ಕೃಷ್ಣ ಮೆನನ್ ಡಿಫೆನ್ಸ್ ಮಿನಿಸ್ಟರ್ ಇದ್ದಾಗ ಈ ಸಾಲಿಗಳು ಶುರು ಆಗಿದ್ದು, ಮಿಲಿಟರಿ ಆಫೀಸರ್ ಆಗೋರು ಅಂದ್ರ ಕೆಲವೇ ಕಡೆಯವ್ರು, ಕೆಲವೇ ದೊಡ್ಡ ಮನಿಯವ್ರು ಅನ್ನಂಗಿತ್ತು, ಅದನ್ನ ಸರಿ ಮಾಡ್ಬೇಕು ಅಂತ. ಮೊದ್ಲು ಸಾತಾರಾ, ನಮ್ಮ ವಿಜಯಪುರಕ್ಕ ಬಂದಿದ್ದು 1963ರ ಸೆಪ್ಟೆಂಬರ್ 16ಕ್ಕ, ಕೊಡಗಿಗೆ 2007ರಾಗ. ಹೌಸ್ ಹೆಸರು ಕೇಳಿದ್ರ ಸಮಾಜದ ಪುಸ್ತಕನೇ, ಆದಿಲ್‌ಶಾಹಿ, ಚಾಲುಕ್ಯ, ಹೊಯ್ಸಳ, ರಾಷ್ಟ್ರಕೂಟ, ವಿಜಯನಗರ, ಒಡೆಯರ್. 2022ರಾಗ ಸೈನ್ಯದ ಉಪಮುಖ್ಯಸ್ಥರಾಗಿದ್ರಲ್ಲ ಲೆಫ್ಟಿನೆಂಟ್ ಜನರಲ್ ಬಿ.ಎಸ್. ರಾಜು, ಅವ್ರು ಅಲ್ಲಿಯವ್ರೇ.

ಬೆಳಿಗ್ಗಿ ಕತ್ಲಿದ್ದಾಗ ಪಿಟಿ, ಆಮ್ಯಾಲೆ ಕ್ಲಾಸು, ಸಂಜಿಗೆ ಆಟ, ರಾತ್ರಿ ಪ್ರೆಪ್ ಅಂತ ಸುಮ್ನ ಕುಂತು ಓದೋದು. ಮೊದಲ್ನೇ ವಾರ ಚಾದರ ಹೊದ್ಕೊಂಡು ಅಳ್ತಿದ್ದೆ ಅಂತ ಅಣ್ಣ ನಮ್ಮ ಹುಡುಗನ ಮುಂದ ಹೇಳ್ದ, ನಾನು ಸುಮ್ನಿರೋ ಮಾರಾಯಾ ಅಂತ ಕಣ್ಸನ್ನಿ ಮಾಡಿದ್ರೂ ಬಿಡ್ಲಿಲ್ಲ, ಹೇಳ್ಬೇಕು, ಗೊತ್ತಿದ್ದು ಬರ್ಲಿ ಅಂದ. ಕೋಚಿಂಗ್‌ನವ್ರು ಎಂಟು ತಿಂಗ್ಳಿನಾಗ ಇಂಥದ್ದು ಒಂದ್ ಮಾತೂ ಹೇಳ್ಲಿಲ್ಲ, ಅವ್ರಿಗೆ ಸೈನಿಕ್ ಸ್ಕೂಲ್ ಅಂದ್ರ ಓಎಂಆರ್ ಶೀಟು ಅಷ್ಟೇ.

ಈಗ ಸಣ್ಣಾಕಿ ವಿಚಾರ. ಮಗಳು ನಾಲ್ಕನೇ ಕ್ಲಾಸು, ಅಪ್ಪಾ ನಾನೂ ಬರೀತೀನಿ ಅಂದ್ಲು. ಆಫೀಸ್‌ನಾಗ ಕೇಳಿದ್ರ "ಅದು ಗಂಡುಹುಡುಗ್ರ ಸಾಲಿ ಸರ, ಈಕಿಗೆ ನವೋದಯ ನೋಡ್ರಿ" ಅಂದ್ರು, ಅದೂ ಹುಡುಗಿ ಎದುರ್ಗೇ. ಏನ್ ಹೇಳ್ಬೇಕು ಇವ್ರಿಗೆ? ಮೊದ್ಲು ಹಂಗಿತ್ತು ಖರೆ, ಅಣ್ಣನ ಕಾಲಕ್ಕ ಹುಡುಗಿ ಅನ್ನೋ ಸುದ್ದಿನೇ ಇರ್ಲಿಲ್ಲ, ಆದ್ರ 2021-22ರಿಂದ ಎಲ್ಲಾ ಸೈನಿಕ್ ಸ್ಕೂಲ್‌ನಾಗೂ ಆರನೇ ಕ್ಲಾಸಿಗೆ ಹುಡುಗ್ಯಾರ್ನ ತಗೋತಾರ. ಫೀಸು ಇಸ್ಕೊಂಡು ಕಲಿಸೋರಿಗೆ ಇಷ್ಟು ಗೊತ್ತಿರಬ್ಯಾಡಾ? ಫೋನ್‌ನಾಗ ತಗದು ತೋರ್ಸಿದೆ, ನೋಡಿ ಹ್ಞಾಂ ಹ್ಞಾಂ ಅಂದ್ರು, ಆದ್ರ ನಮ್ಮಲ್ಲಿ ಲೇಡೀಸ್ ಹಾಸ್ಟೆಲ್ ಇಲ್ಲ ಅಂತ ರಾಗ ಎಳೆದ್ರು. ಈಗ ಮನ್ಯಾಗೇ ಅವರಣ್ಣ ಹೇಳ್ಕೊಡ್ತಾನ, ಕಾಲುವಿ ಲೆಕ್ಕನೂ ಅವ್ನೇ ಹೇಳ್ಕೊಟ್ಟಾನ. ಹಳೇ ಓಎಂಆರ್ ಶೀಟ್ ಹರವಿಕೊಂಡು ಗೋಲ ತುಂಬ್ಕೋತ ಕುಂತಿರ್ತಾಳ, ನಾಲಿಗಿ ಹೊರಗ ಚಾಚಿ.

ಊಟ ಅಷ್ಟಕ್ಕಷ್ಟೇ. ಸಾರು ನೀರು, ಮಂಗ್ಳಾರ ಶೇಂಗಾ ಚಟ್ನಿ ರೊಟ್ಟಿ ಇದ್ದ ದಿನ ಮಾತ್ರ ಹುಡುಗ್ರು ಹೊಟ್ಟಿತುಂಬ ಉಣ್ತಿದ್ರಂತ. ಕೋಣಿಗೆ ಎಂಟು ಮಂದಿ.

ಸೇರಿಸೋರು ಮೊದ್ಲು ವಯಸ್ಸು ನೋಡ್ಕೊಳ್ರಿ, ಸೇರೋ ವರ್ಷದ ಮಾರ್ಚ್ 31ಕ್ಕ ಹುಡುಗಗ 10ರಿಂದ 12ರೊಳಗ ಇರ್ಬೇಕು, ನಮ್ಮ ಬ್ಯಾಚಿನಾಗ ಒಬ್ಬಂದು ವಯಸ್ಸು ದಾಟಿತ್ತು, ಫೀಸ್ ಪೂರಾ ಇಸ್ಕೊಂಡ ಮ್ಯಾಲೆ ಫಾರ್ಮ್ ತುಂಬೋವಾಗ ಗೊತ್ತಾತು. ಮತ್ತ ರಸೀದಿ ಕೇಳಿ ಇಸ್ಕೊಳ್ರಿ, ಕೇಳ್ಲಿಲ್ಲಂದ್ರ ಕೊಡಂಗಿಲ್ಲ.