ಹೈಡ್ರೋಮೀಟರ್ ತೋರಿಸಿದ್ದು ಶೇ 42, ಸೀಸೆಯಲ್ಲಿ ಇದ್ದದ್ದು ಮೆಥನಾಲ್

ದ್ರಾಕ್ಷಿ ಬೆಲೆ ನೆಲಕಚ್ಚಿದಾಗಲೆಲ್ಲ ನಮ್ಮ ಚಿಕ್ಕಬಳ್ಳಾಪುರದ ತೋಟಗಳಲ್ಲಿ ಒಂದು ಮಾತು ಏಳುತ್ತದೆ: ಕೊಳೆಯುವ ಹಣ್ಣನ್ನು ತಿಪ್ಪೆಗೆ ಸುರಿಯುವ ಬದಲು ಭಟ್ಟಿ ಇಳಿಸಿದರೇನು? ಮೊಬೈಲ್‌ನಲ್ಲಿ ನೋಡಿದ ವಿಡಿಯೊ, ಮದ್ಯದಲ್ಲಿ ಆಲ್ಕೋಹಾಲ್ ಎಷ್ಟಿದೆ ಎಂದು ನೋಡಲು ಆನ್‌ಲೈನ್‌ನಲ್ಲಿ ತರಿಸಿದ ಗಾಜಿನ ಹೈಡ್ರೋಮೀಟರ್, ಲೆಕ್ಕ ಬರೆಯಲು ಒಂದು ನೋಟ್‌ಬುಕ್, ಇಷ್ಟಿದ್ದರೆ ಸಾಕು ಎಂದು ನಂಬುವವರಿದ್ದಾರೆ. ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಅಪರಾಧ. ಅದು ಎಲ್ಲರಿಗೂ ಗೊತ್ತು, ಆದರೂ ಮಾಡುತ್ತಾರೆ. ಹಾಗಾಗಿ ನಾನು ಕಾನೂನಿನ ಮಾತು ಹೇಳಲು ಕುಳಿತಿಲ್ಲ. ನಮ್ಮ ಮನೆತನದಲ್ಲೇ ಆದ ಅನಾಹುತವನ್ನು, ಅದರ ಹಿಂದಿನ ಲೆಕ್ಕದ ಸಮೇತ, ಹೇಳುತ್ತಿದ್ದೇನೆ.

2020ರ ಲಾಕ್‌ಡೌನ್. ಬೆಂಗಳೂರು ನೀಲಿ ದ್ರಾಕ್ಷಿ ಕಟಾವಿಗೆ ಬಂದಿತ್ತು, ಕೊಳ್ಳುವವರಿರಲಿಲ್ಲ. ಮದ್ಯದಂಗಡಿಗಳೂ ಮೇ ಮೊದಲ ವಾರದವರೆಗೆ ಮುಚ್ಚಿದ್ದವು. ನನ್ನ ಚಿಕ್ಕಪ್ಪನ ಮಗ ತೋಟದ ಶೆಡ್‌ನಲ್ಲಿ ರಸ ಹುದುಗಲು ಇಟ್ಟು, ಆಮೇಲೆ ಭಟ್ಟಿ ಇಳಿಸಿದ. ಅವನು ಕುಡುಕನಲ್ಲ, ದಡ್ಡನೂ ಅಲ್ಲ. ಪ್ರತಿಯೊಂದನ್ನೂ ಅಳೆದು ಬರೆದಿಟ್ಟಿದ್ದ. ಅಂಗಡಿಯ ವಿಸ್ಕಿ ಸೀಸೆಯ ಮೇಲೆ ಇರುವ ಶೇ 42.8 ಎಂಬ ಅಂಕಿಯೇ ಅವನ ಗುರಿ. ಕೊನೆಗೆ ಹೈಡ್ರೋಮೀಟರ್ ಶೇ 42 ತೋರಿಸಿತು. ಚಮಚದಲ್ಲಿ ಸುರಿದು ಕಡ್ಡಿ ಗೀರಿದರೆ ನೀಲಿ ಜ್ವಾಲೆ ಬಂತು. ಅಲ್ಲಿಗೆ ಅವನ ಅನುಮಾನವೆಲ್ಲ ಮುಗಿಯಿತು.

ಆ ನೋಟ್‌ಬುಕ್ ನನ್ನ ಕೈಗೆ ಬಂದದ್ದು ಎಲ್ಲ ಮುಗಿದ ಮೇಲೆ. ನಾನು ರಸಾಯನಶಾಸ್ತ್ರ ಪಾಠ ಮಾಡುವವನು. ಅದರ ಎರಡು ಸಾಲು ಓದಿದಾಗಲೇ ಎದೆ ಧಸಕ್ಕೆಂದಿತು. ಹುದುಗಿದ ರಸ 40 ಲೀಟರ್. ಸಿದ್ಧವಾದ ಮದ್ಯ 14 ಲೀಟರ್, ಶೇ 42.

ಈ ಲೆಕ್ಕ ಕೂಡುವುದೇ ಇಲ್ಲ. ಒಂದು ಲೀಟರ್ ರಸದಲ್ಲಿ ಶೇ 1ರಷ್ಟು ಆಲ್ಕೋಹಾಲ್ ಹುಟ್ಟಬೇಕಾದರೆ ಸುಮಾರು 17 ಗ್ರಾಂ ಸಕ್ಕರೆ ಕರಗಬೇಕು. ಅವನೇ ಬರೆದಂತೆ ರಸದಲ್ಲಿದ್ದ ಸಕ್ಕರೆ ಲೀಟರಿಗೆ 170 ಗ್ರಾಂ. ಅಂದರೆ ಒಂದು ಕಣ ಸಕ್ಕರೆಯೂ ಉಳಿಯದಂತೆ ಹುದುಗಿದರೂ ಶೇ 10. ನಲವತ್ತು ಲೀಟರ್‌ನಲ್ಲಿ ಶುದ್ಧ ಆಲ್ಕೋಹಾಲ್ ನಾಲ್ಕು ಲೀಟರ್. ಅದನ್ನು ಶೇ 42ಕ್ಕೆ ಇಳಿಸಿದರೆ ಒಂಬತ್ತೂವರೆ ಲೀಟರ್, ಅದೂ ಒಂದು ಹನಿಯೂ ನಷ್ಟವಾಗದಿದ್ದರೆ. ಯಾವ ಭಟ್ಟಿಯಲ್ಲೂ ಅಷ್ಟು ಸಿಗುವುದಿಲ್ಲ. ಹದಿನಾಲ್ಕು ಲೀಟರ್‌ನಲ್ಲಿ ಇರಬೇಕಾದ ಶುದ್ಧ ಆಲ್ಕೋಹಾಲ್ ಸುಮಾರು 5.9 ಲೀಟರ್. ಹಾಗಾದರೆ ಹೆಚ್ಚುವರಿ ಎರಡು ಲೀಟರ್ ಎಲ್ಲಿಂದ ಬಂತು?

ಜೊತೆಗಿದ್ದ ಗೆಳೆಯ ತಂದಿದ್ದ ಕ್ಯಾನಿನಿಂದ ಬಂತು. ಇಳಿದ ಮಾಲು ಕಡಿಮೆಯಾಯಿತೆಂದು, ಕಾರ್ಖಾನೆಯ ಕಡೆಯವರಿಂದ ‘ಸ್ಪಿರಿಟ್’ ಎಂಬ ಹೆಸರಿನಲ್ಲಿ ಯಾರೋ ಕೊಟ್ಟದ್ದನ್ನು ಅವನು ತಂದು ಬೆರೆಸಿದ್ದ. ಬಣ್ಣ, ವಾರ್ನಿಷ್, ಥಿನ್ನರ್‌ಗಳಿಗೆ ಬಳಸುವ ಮೆಥನಾಲ್ ಅದು. ಬೆರೆಸಿದ ಮೇಲೆ ಮತ್ತೊಮ್ಮೆ ಅಳತೆ ನೋಡಿದರು. ಮೀಟರ್ ಸರಿಯಾಗಿಯೇ ತೋರಿಸಿತು.

ತೋರಿಸದೆ ಏನು? ಹೈಡ್ರೋಮೀಟರ್ ಅಳೆಯುವುದು ದ್ರವದ ಸಾಂದ್ರತೆಯನ್ನು ಮಾತ್ರ. 20 ಡಿಗ್ರಿಯಲ್ಲಿ ಕುಡಿಯುವ ಮದ್ಯದ ಎಥನಾಲ್‌ನ ಸಾಂದ್ರತೆ 0.789, ಮೆಥನಾಲ್‌ನದು 0.792. ಗಾಜಿನ ಕೊಳವೆಗೆ ಇವೆರಡರ ನಡುವೆ ವ್ಯತ್ಯಾಸವೇ ತಿಳಿಯುವುದಿಲ್ಲ. ಬೆಂಕಿಯ ಪರೀಕ್ಷೆಯೂ ಅಷ್ಟೇ: ಎರಡೂ ನೀಲಿಯಾಗಿ ಉರಿಯುತ್ತವೆ. ವಾಸನೆಯಿಂದಲೂ ಗೊತ್ತಾಗುವುದಿಲ್ಲ. ‘ಮೊದಲು ಇಳಿದದ್ದನ್ನು ಚೆಲ್ಲಿದರೆ ವಿಷ ಹೋಗುತ್ತದೆ’ ಎಂಬ ಮಾತನ್ನು ನಂಬಿಕೊಂಡವರು ಬಹಳ. ಮೆಥನಾಲ್ 65 ಡಿಗ್ರಿಯ ಹತ್ತಿರ, ಎಥನಾಲ್ 78 ಡಿಗ್ರಿಯ ಹತ್ತಿರ ಕುದಿಯುವುದು ನಿಜ. ಆದರೆ ನೀರಿನೊಡನೆ ಬೆರೆತಾಗ ಮೆಥನಾಲ್ ಮೊದಲಿನಿಂದ ಕೊನೆಯವರೆಗೂ ಹರಡಿಕೊಂಡು ಇಳಿಯುತ್ತದೆ. ಹಣ್ಣಿನಲ್ಲಿರುವ ಪೆಕ್ಟಿನ್ ಎಂಬ ಅಂಟು ಪದಾರ್ಥದಿಂದಲೂ ಅದು ಒಂದಿಷ್ಟು ಹುಟ್ಟುತ್ತದೆ. ಇನ್ನು ಭಟ್ಟಿ ಇಳಿಸಿ ಮುಗಿದ ಮೇಲೆ ಸುರಿದ ಕ್ಯಾನಿಗೆ ಈ ಉಪಾಯದ ಗೊಡವೆಯೇ ಇಲ್ಲ.

ಅಳತೆ ತಪ್ಪುವ ದಾರಿಗಳು ಇನ್ನೂ ಇವೆ. ಈ ಮೀಟರ್‌ಗಳು ಸಾಮಾನ್ಯವಾಗಿ 20 ಡಿಗ್ರಿಗೆ ಗುರುತು ಮಾಡಿದವು. ನಮ್ಮ ಏಪ್ರಿಲ್‌ನ 30 ಡಿಗ್ರಿಯಲ್ಲಿ ಶೇ 40ರ ಮದ್ಯ ಶೇ 44ರ ಆಸುಪಾಸು ತೋರಿಸುತ್ತದೆ. ಸಕ್ಕರೆ ಉಳಿದ ರಸದಲ್ಲಿ ಇಳಿಬಿಟ್ಟರೆ ಆಲ್ಕೋಹಾಲ್ ಮೀಟರ್ ಹೇಳುವುದಕ್ಕೆ ಅರ್ಥವೇ ಇಲ್ಲ, ಏಕೆಂದರೆ ಸಕ್ಕರೆ ದ್ರವವನ್ನು ಭಾರ ಮಾಡುತ್ತದೆ. ಈ ತಪ್ಪುಗಳಿಂದ ಲೆಕ್ಕ ಕೆಡುತ್ತದೆ. ಮೆಥನಾಲ್‌ನಿಂದ ಮನುಷ್ಯ ಕೆಡುತ್ತಾನೆ.

ಇಬ್ಬರೂ ರಾತ್ರಿ ಕುಡಿದರು. ಮರುದಿನ ಸಾಮಾನ್ಯ ಅಮಲಿನ ತಲೆನೋವು ಎಂದುಕೊಂಡರು. ಎಥನಾಲ್ ಜೊತೆಗಿದ್ದರೆ ಮೆಥನಾಲ್‌ನ ವಿಷ ತಡವಾಗಿ ಏರುತ್ತದೆ. ದೇಹ ಅದನ್ನು ಫಾರ್ಮಿಕ್ ಆಮ್ಲವಾಗಿ ಬದಲಿಸಲು ಹೊತ್ತು ಹಿಡಿಯುತ್ತದೆ, ಆ ಆಮ್ಲವೇ ಕಣ್ಣಿನ ನರವನ್ನು ಸುಡುವುದು. ಅದರ ಮಾರನೆಯ ಬೆಳಿಗ್ಗೆ ಗೆಳೆಯನಿಗೆ ವಾಂತಿ, ಹೊಟ್ಟೆನೋವು, ಏದುಸಿರು. ‘ಎದುರಿಗೆಲ್ಲ ಬೆಳ್ಳಗೆ ಮಂಜು ಕವಿದ ಹಾಗಿದೆ’ ಎಂದನಂತೆ. ಆಸ್ಪತ್ರೆಯಲ್ಲಿ ವೈದ್ಯರು ಏನು ಕುಡಿದಿರಿ ಎಂದು ಕೇಳಿದರೆ, ಅಬಕಾರಿ ಕೇಸಿಗೆ ಹೆದರಿ ಮನೆಯವರು ಊಟ ಹೆಚ್ಚುಕಡಿಮೆಯಾಗಿದೆ ಎಂದರು. ಆ ಒಂದು ಸುಳ್ಳಿಗೆ ಅರ್ಧ ದಿನ ಹೋಯಿತು. ನಿಜ ಹೇಳಿದ ಮೇಲೆ ಬೆಂಗಳೂರಿಗೆ ಕಳುಹಿಸಿ ಡಯಾಲಿಸಿಸ್ ಮಾಡಿದರು. ಜೀವ ಉಳಿಯಿತು, ದೃಷ್ಟಿ ಮರಳಲಿಲ್ಲ. ಕಡಿಮೆ ಕುಡಿದಿದ್ದ ನನ್ನ ತಮ್ಮನಿಗೆ ಒಂದು ಕಣ್ಣು ಮಸುಕಾಗಿಯೇ ಉಳಿದಿದೆ. ಕ್ಯಾನ್ ಕೊಟ್ಟವನು ಯಾರೆಂದು ಇಂದಿಗೂ ಯಾರೂ ಬಾಯಿ ಬಿಟ್ಟಿಲ್ಲ. ಅದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಸುಡುತ್ತದೆ.

ಇದು ನಮ್ಮ ಸೀಮೆಗೆ ಹೊಸದೇನೂ ಅಲ್ಲ. ರಾಜ್ಯದಲ್ಲಿ ಸಾರಾಯಿ ನಿಷೇಧವಾದದ್ದು 2007ರ ಜುಲೈಯಲ್ಲಿ. ಮರುವರ್ಷದ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಮತ್ತು ಗಡಿಯಾಚೆಯ ಕೃಷ್ಣಗಿರಿಯಲ್ಲಿ ನೂರಕ್ಕೂ ಹೆಚ್ಚು ಜನ ಇದೇ ಮೆಥನಾಲ್‌ಗೆ ಬಲಿಯಾದರು.

ಯಾರಾದರೂ ‘ಮನೆಯಲ್ಲೇ ಇಳಿಸಿದ್ದು, ಮೀಟರ್ ಹಿಡಿದು ನೋಡಿದ್ದೇವೆ’ ಎಂದು ಲೋಟ ಚಾಚಿದರೆ ಮುಟ್ಟಬೇಡಿ. ಈಗಾಗಲೇ ಕುಡಿದವರಿದ್ದರೆ ಕಣ್ಣು ಮಂಜಾಗುವವರೆಗೆ ಕಾಯಬೇಡಿ, 108ಕ್ಕೆ ಕರೆ ಮಾಡಿ. ಮದ್ಯವೇ ಇದಕ್ಕೆ ಮದ್ದು ಎಂದು ಯಾರಾದರೂ ಮನೆಯಲ್ಲಿ ಕುಡಿಸಲು ಬಂದರೆ ತಡೆಯಿರಿ, ಆ ಚಿಕಿತ್ಸೆಯ ಪ್ರಮಾಣ ರಕ್ತ ಪರೀಕ್ಷೆ ಮಾಡಿದ ವೈದ್ಯರಿಗೆ ಮಾತ್ರ ಗೊತ್ತು. ಕುಡಿದದ್ದು ಏನೆಂದು ಬಾಗಿಲಲ್ಲೇ ನೇರವಾಗಿ ಹೇಳಿ. ಉಳಿದದ್ದನ್ನು ಹೆದರಿ ಚೆಲ್ಲದೆ ಸೀಸೆ ಸಮೇತ ಒಯ್ಯಿರಿ. ಅದೇ ಸೀಸೆಯಿಂದ ಕುಡಿದ ಬೇರೆಯವರು ‘ನನಗೇನೂ ಆಗಿಲ್ಲ’ ಎಂದರೂ ಅವರನ್ನೂ ಅದೇ ಗಾಡಿಯಲ್ಲಿ ಕೂರಿಸಿಕೊಂಡು ಹೋಗಿ.